ಕಾಫಿ ತೋಟದಲ್ಲಿ ಚಿಮ್ಮುವ ಪರವಲಯ

ಫೆಬ್ರವರಿ ಮುಗಿಯುತ್ತ ಬಂದರೂ ಹೂಮಳೆಯ ಸುಳಿವಿಲ್ಲದಿದ್ದರೆ ಕೊಡಗಿನ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್‌ಗಳ ಟಕಟಕ ಸದ್ದು ಶುರುವಾಗುತ್ತದೆ. ಕೆರೆಯ ನೀರು ಪೈಪು ಹತ್ತಿ ನಾಜಲ್‌ನಿಂದ ಚಿಮ್ಮುತ್ತದೆ. ಪುಟ್ಟ ತೋಳೊಂದು ಆ ಧಾರೆಗೆ ಬಡಿಬಡಿದು ನಾಜಲ್ಲನ್ನು ಇಷ್ಟಿಷ್ಟೇ ತಿರುಗಿಸುತ್ತದೆ. ಮೇಲೇರಿ ಬಾಗಿ ಗಿಡಗಳ ಮೇಲೆ ಬೀಳುವ ಆ ಧಾರೆ ಹತ್ತನೇ ತರಗತಿಯ ಪರವಲಯವೇ. ಎಸೆದ ವಸ್ತುವಿನ ದಾರಿ ಇದೇ ಎಂದು ಗೆಲಿಲಿಯೊ 1638ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ತೋರಿಸಿದ್ದಾನೆ.

ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಡೋಣ. ದೂರ ಎಕ್ಸ್, ಎತ್ತರ ವೈ ಆದರೆ, ವೈ = ಎ·ಎಕ್ಸ್² + ಬಿ·ಎಕ್ಸ್ + ಸಿ. ಒಂದು ಧಾರೆಗೆ ಎ −0.0125, ಬಿ 0.5, ಸಿ 3 ಇರಲಿ. ನೀರು 20 ಮೀಟರ್ ದೂರದಲ್ಲಿ 8 ಮೀಟರ್ ಎತ್ತರದ ತುದಿ ಮುಟ್ಟಿ ಇಳಿಯುತ್ತದೆ.

ಸಿ ಎಂದರೆ ನಾಜಲ್ಲಿನ ಎತ್ತರ. ಪೈಪನ್ನು 2 ಮೀಟರ್ ಎತ್ತರಿಸಿದರೆ ಇಡೀ ರೇಖೆ ಅಷ್ಟೇ ಮೇಲೇರುತ್ತದೆ. ಆಕಾರ ಬದಲಾಗದು, ತುದಿ 20 ಮೀಟರ್ ದೂರದಲ್ಲೇ ಉಳಿಯುತ್ತದೆ.

ಎ ಸಹಗುಣಕದ ಋಣಚಿಹ್ನೆ ಗುರುತ್ವದ್ದು, ಗಾತ್ರ ಪಂಪಿನದು. ಒತ್ತಡ ಅರ್ಧಕ್ಕಿಳಿದರೆ ಎ −0.025 ಆಗಿ ರೇಖೆ ಕಿರಿದಾಗುತ್ತದೆ. ತುದಿ 10 ಮೀಟರಿಗೇ ಬಂದು ನಿಲ್ಲುತ್ತದೆ, ಎತ್ತರ 5.5 ಮೀಟರಿಗೆ ಕುಗ್ಗುತ್ತದೆ.

ಬಿ ಎಂದರೆ ನಾಜಲ್ಲಿನ ಓರೆ. 0.5 ಎಂದರೆ ಸುಮಾರು 27 ಡಿಗ್ರಿ. ಅದನ್ನು 63 ಡಿಗ್ರಿಗೆ ಎತ್ತಿದರೆ ಬಿ 2 ಆಗುತ್ತದೆ. ಆದರೆ ಒತ್ತಡ ಅಷ್ಟೇ ಇರುವಾಗ ಮೇಲಕ್ಕೆ ಹೋದ ವೇಗ ಮುಂದಕ್ಕೆ ಸಿಗುವುದಿಲ್ಲ. ಎ ಕೂಡ ನಾಲ್ಕು ಪಟ್ಟಾಗಿ −0.05 ಆಗುತ್ತದೆ. ತುದಿ ಮತ್ತದೇ 20 ಮೀಟರ್ ದೂರದಲ್ಲಿ, ಎತ್ತರ ಮಾತ್ರ 23 ಮೀಟರ್! ಎರಡು ಸಲವೂ ನೀರು ನಾಜಲ್ಲಿನ ಮಟ್ಟಕ್ಕೆ ಇಳಿಯುವುದು 40 ಮೀಟರ್ ದೂರದಲ್ಲೇ.

ಲೆಕ್ಕದ ಪ್ರಕಾರ ಅತಿ ದೂರ ಹೋಗುವುದು ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ. ಆದರೆ ಎತ್ತರಕ್ಕೇರಿದ ಹನಿ ಗಾಳಿಯ ಪಾಲಾಗುತ್ತದೆ. ಹಾಗಾಗಿಯೇ ಇಂಥ ನಾಜಲ್‌ಗಳ ಓರೆ ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಪುಸ್ತಕದ ಅಭ್ಯಾಸದಲ್ಲಿ ಒಂದು ಸಹಗುಣಕ ಬದಲಿಸುವಾಗ ಉಳಿದೆರಡನ್ನು ಹಾಗೇ ಇಡಬಹುದು. ತೋಟದಲ್ಲಿ ಬಿಯನ್ನು ಮುಟ್ಟಿದರೆ ಎ ಸುಮ್ಮನಿರುವುದಿಲ್ಲ. ಕೊನೆಯ ಸಾಲಿಗೆ ನೀರು ಮುಟ್ಟದಿದ್ದರೆ ಮೊದಲು ಒತ್ತಡ ನೋಡಬೇಕು ಎಂಬ ಮಾತಿನ ಹಿಂದೆ ಇರುವುದು ಇದೇ ಗಣಿತ. ಕೊಡಗಿನ ಮೇಷ್ಟ್ರುಗಳು ಈ ಪಾಠವನ್ನು ಒಮ್ಮೆಯಾದರೂ ಸ್ಪ್ರಿಂಕ್ಲರ್ ಪಕ್ಕದಲ್ಲಿ ಮಾಡಲಿ. ಮೂರು ಅಕ್ಷರಗಳಿಗೆ ಏನು ಕೆಲಸವೆಂದು ಮಕ್ಕಳು ಕೇಳಬೇಕಾಗುವುದಿಲ್ಲ.