ಮರಳಿನಲ್ಲಿ ಮುಳುಗಿದ ಹಾದಿ

ಜ್ಞಾನಕ್ಕಿಂತ ನಂಬಿಕೆಯೇ ಕೆಲವೊಮ್ಮೆ ಮನುಷ್ಯನ ಹಾದಿಯನ್ನು ನಿರ್ಧರಿಸುತ್ತದೆ. ೧೯೪೩ರ ಏಪ್ರಿಲ್ ೪ರಂದು ಲಿಬಿಯದ ಸೊಲೂಕ್ ನೆಲೆಯಿಂದ ಇಟಲಿಯ ನೇಪಲ್ಸಿನತ್ತ ಹೊರಟ ಅಮೆರಿಕದ ಬಾಂಬರು ವಿಮಾನ ‘ಲೇಡಿ ಬಿ ಗುಡ್’ ನೆಲೆಗೆ ಹಿಂದಿರುಗಲಿಲ್ಲ. ಅದು ಕಡಲಿನ ಪಾಲಾಯಿತೆಂದೇ ಜನ ಬಗೆದರು. ನಡೆದುದು ಬೇರೆ. ಇರುಳಿನಲ್ಲಿ ತನ್ನ ನೆಲೆಯನ್ನೇ ದಾಟಿದ ವಿಮಾನ ಮರುಭೂಮಿಯ ಒಡಲಿಗೆ ನೂರಾರು ಮೈಲಿ ಸಾಗಿತ್ತು.

ಇಂಧನ ತೀರುತ್ತಿರಲು ಒಂಬತ್ತು ಮಂದಿಯೂ ಪ್ಯಾರಾಚೂಟು ಕಟ್ಟಿ ಧುಮುಕಿದರು. ಒಬ್ಬನ ಪ್ಯಾರಾಚೂಟು ಸರಿಯಾಗಿ ಬಿಚ್ಚಿಕೊಳ್ಳದೆ ಅವನು ಮಡಿದ. ಮಿಕ್ಕ ಎಂಟು ಮಂದಿ, ಕಡಲು ಸಮೀಪದಲ್ಲಿದೆಯೆಂದು ನಂಬಿ, ವಾಯವ್ಯಕ್ಕೆ ನಡೆದರು. ಇದ್ದುದು ಅರ್ಧ ಸೀಸೆ ನೀರು; ಅದನ್ನು ದಿನಕ್ಕೊಂದು ಮುಚ್ಚಳದಂತೆ ಹಂಚಿಕೊಂಡರು. ಸಹಚಾಲಕ ರಾಬರ್ಟ್ ಟೋನರನ ದಿನಚರಿ ಏಪ್ರಿಲ್ ೧೨ಕ್ಕೆ ನಿಂತಿದೆ.

೧೯೫೯ರಲ್ಲಿ ತೈಲಶೋಧಕರು ಆ ವಿಮಾನವನ್ನು ತಲುಪಿದರು. ಅದರೊಳಗೆ ನೀರಿತ್ತು; ರೇಡಿಯೋ ಕೆಲಸ ಮಾಡುವ ಸ್ಥಿತಿಯಲ್ಲಿತ್ತು. ಅದು ಬಿದ್ದಿದ್ದುದು ಅವರು ಇಳಿದೆಡೆಗೆ ಸುಮಾರು ೧೬ ಮೈಲಿ ದಕ್ಷಿಣದಲ್ಲಿ. ಅವರು ನಡೆದುದು ಅದಕ್ಕೆ ಬೆನ್ನುಹಾಕಿ. ೧೯೬೦ರಲ್ಲಿ ಐವರ ಅವಶೇಷಗಳು ಒಂದೇ ಕಡೆ, ಸುಮಾರು ೮೦ ಮೈಲಿ ದೂರದಲ್ಲಿ, ದೊರೆತವು. ಮೂವರು ಅಲ್ಲಿಂದಲೂ ಮುಂದೆ ನಡೆದಿದ್ದರು. ಅವರಲ್ಲಿ ಒಬ್ಬನ ಕುರುಹು ಖಚಿತವಾಗಿ ಸಿಕ್ಕಿಲ್ಲ.

ದಿಕ್ಕು ತಪ್ಪಿದ್ದವರನ್ನು ಹಳಿಯುವುದು ಸುಲಭ. ಆದರೆ ಮುಚ್ಚಳದಷ್ಟು ನೀರನ್ನು ಎಂಟು ಮಂದಿ ಸಮನಾಗಿ ಹಂಚಿಕೊಂಡು ನಡೆದ ಆ ಹಾದಿಯಲ್ಲಿ, ದಿಕ್ಕೊಂದನ್ನುಳಿದು, ತಪ್ಪಿದ್ದೇನು?