ದೂರದೂರಿನ ಮಕ್ಕಳೊಡನೆ ಒಂದು ಸಿನಿಮಾ

ಮಗಳು ನ್ಯೂಜೆರ್ಸಿಯಲ್ಲಿ, ಮಗ ಪುಣೆಯಲ್ಲಿ, ಅಪ್ಪ ಅಮ್ಮ ಮಾತ್ರ ಊರಿನಲ್ಲಿ. ಈಗ ಎಷ್ಟು ಮನೆಗಳ ಕಥೆ ಇದೇ ಅಲ್ಲವೇ? ಫೋನಿನಲ್ಲಿ ದಿನಾ ಮಾತಾಡುತ್ತೇವೆ. ‘ಊಟ ಆಯ್ತಾ? ಅಲ್ಲಿ ಚಳಿ ಹೇಗಿದೆ?’ ಅಷ್ಟು ಕೇಳುವಷ್ಟರಲ್ಲಿ ಮಾತು ಮುಗಿದೇ ಹೋಗುತ್ತದೆ. ಒಂದೇ ಚಾಪೆಯ ಮೇಲೆ ಕೂತು, ಚುರುಮುರಿ ತಿನ್ನುತ್ತಾ ಸಿನಿಮಾ ನೋಡುವಾಗ ಹುಟ್ಟುವ ಹರಟೆ ಅದರಲ್ಲಿ ಎಲ್ಲಿ ಬರಬೇಕು?

೧೯೮೭ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ, ಭಾನುವಾರ ಬೆಳಿಗ್ಗೆ ಟಿ.ವಿ. ಇದ್ದ ಮನೆಗೆ ಬೀದಿಗೆ ಬೀದಿಯೇ ಬಂದು ಸೇರುತ್ತಿತ್ತು. ೨೦೨೦ರ ಲಾಕ್‌ಡೌನ್‌ನಲ್ಲಿ ಅದೇ ಧಾರಾವಾಹಿ ಮತ್ತೆ ಬಂತು. ಆದರೆ ಈ ಸಲ ಅವರವರ ಮನೆಯಲ್ಲೇ ಬಾಗಿಲು ಹಾಕಿಕೊಂಡು ನೋಡಬೇಕಾಯಿತು. ದೂರ ದೂರ ಕೂತವರು ಒಟ್ಟಿಗೆ ಸಿನಿಮಾ ನೋಡುವ ಸಾಧನಗಳ ಹೆಸರು ಹೆಚ್ಚಾಗಿ ಕೇಳಿಬಂದದ್ದೂ ಆ ವರ್ಷವೇ. ಆಗಿನ ‘ನೆಟ್‌ಫ್ಲಿಕ್ಸ್ ಪಾರ್ಟಿ’ಯೇ ಆಮೇಲೆ ‘ಟೆಲಿಪಾರ್ಟಿ’ ಆಯಿತು. ೨೦೨೧ರಲ್ಲಿ ಆಪಲ್ ಕಂಪನಿ ತನ್ನ ಫೋನುಗಳಿಗೆ ‘ಶೇರ್‌ಪ್ಲೇ’ ತಂದಿತು.

ಇದರ ಗುಟ್ಟೇನು?

ಮಾಯ ಮಂತ್ರ ಏನೂ ಇಲ್ಲ. ಇಂಥವುಗಳಲ್ಲಿ ಸಿನಿಮಾ ಮಗಳ ಮನೆಯಿಂದ ನಿಮ್ಮ ಮನೆಗೆ ಬರುವುದಿಲ್ಲ. ಅವಳಿಗೆ ಅಲ್ಲಿ, ನಿಮಗೆ ಇಲ್ಲಿ, ಬೇರೆ ಬೇರೆಯಾಗಿಯೇ ಬರುತ್ತದೆ. ‘ಈಗ ಶುರು’, ‘ಈಗ ಹನ್ನೆರಡನೇ ನಿಮಿಷ’, ‘ಈಗ ನಿಲ್ಲಿಸಿದರು’ ಎಂಬ ಪುಟ್ಟ ಸುದ್ದಿಯನ್ನು ಅತ್ತಿಂದಿತ್ತ ಮುಟ್ಟಿಸುವುದಷ್ಟೇ ಆಪ್‌ನ ಕೆಲಸ. ಆದ್ದರಿಂದಲೇ ಸಾಮಾನ್ಯವಾಗಿ ಎರಡೂ ಮನೆಗಳಲ್ಲಿ ಚಂದಾ ಇರಬೇಕು. ಆಪ್ ಇಲ್ಲದೆ, ಫೋನಿನಲ್ಲಿ ‘ಒಂದು, ಎರಡು, ಮೂರು’ ಎಂದು ಹೇಳಿ ಬಟನ್ ಒತ್ತಿ ನೋಡಿದವರಿಗೆ ಗೊತ್ತು: ಅವಳು ಅಲ್ಲಿ ನಕ್ಕು ಮುಗಿಸಿದ ಮೇಲೆ ನಿಮಗೆ ಇಲ್ಲಿ ಹಾಸ್ಯ ಬರುತ್ತದೆ!

ಎಲೆ ನೋಡಿ ತಿಳಿಯುವುದು

ಯಂತ್ರದ ಕೆಲಸವನ್ನು ಇಂಜಿನಿಯರುಗಳು ಮಾಡಿಯಾರು. ಆದರೆ ನೋಡುವವರ ಮನೆಯೊಳಗೆ ಏನು ನಡೆಯುತ್ತದೆ ಎಂಬುದು ಆಫೀಸಿನಲ್ಲಿ ಕೂತರೆ ತಿಳಿದೀತೇ? ಅದನ್ನು ಬಂದು ನೋಡಿ, ಕೇಳಿ ತಿಳಿಯುವುದಕ್ಕೆ ‘ಯೂಸರ್ ರಿಸರ್ಚ್’ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಮಗೆ ಹೊಸದಲ್ಲ. ಹಬ್ಬದ ದಿನ ಬಡಿಸಿ ‘ಹುಳಿ ಹೇಗಿದೆ?’ ಎಂದರೆ ನೆಂಟರೆಲ್ಲಾ ‘ಬಹಳ ಚೆನ್ನಾಗಿದೆ’ ಅಂತಾರೆ. ನಿಜ ತಿಳಿಯಬೇಕಾದರೆ ಅವರು ಎದ್ದ ಮೇಲೆ ಎಲೆ ನೋಡಬೇಕು.

ನನ್ನ ಓರಗಿತ್ತಿಯ ಮಗಳು ಇಂಥದೇ ಒಂದು ಆಪ್‌ಗಾಗಿ ಕೆಲಸ ಮಾಡುತ್ತಾಳೆ. ಬೇಸಿಗೆಯಲ್ಲಿ ಬಂದವಳು ನಮ್ಮ ಬೀದಿಯ ಐದು ಮನೆಗಳಲ್ಲಿ ಕೂತು ನೋಡಿದಳು. ಐದೇ ಯಾಕೆ ಅಂತೀರಾ? ಈ ವಿದ್ಯೆಯಲ್ಲಿ ಹೆಸರಾದ ಜೇಕಬ್ ನೀಲ್ಸನ್ ೨೦೦೦ದಲ್ಲಿ ಬರೆದ ಪ್ರಕಾರ, ಐದು ಜನ ಬಳಸುವುದನ್ನು ನೋಡಿದರೆ ಸುಮಾರು ನೂರಕ್ಕೆ ೮೫ ತೊಡಕುಗಳು ಕಣ್ಣಿಗೆ ಬೀಳುತ್ತವೆ. ಅವನ್ನು ತಿದ್ದಿ ಮತ್ತೆ ಐವರಿಗೆ ತೋರಿಸುವುದು ಮೇಲು.

ಆಪ್ ಇನ್ನೂ ತಯಾರಾಗಿರಲಿಲ್ಲ. ಫೋನಿನ ಪರದೆಗಳನ್ನು ಹಾಳೆಗಳ ಮೇಲೆ ಪೆನ್ಸಿಲ್‌ನಲ್ಲಿ ಬರೆದು ತಂದಿದ್ದಳು. ನಾವು ಬೆರಳಿಟ್ಟ ಕಡೆಗೆ ತಕ್ಕಂತೆ ಮುಂದಿನ ಹಾಳೆ ಇಡುವಳು. ಕಾಗದವಾದರೆ ಹರಿದು ಮತ್ತೆ ಬರೆಯಬಹುದು, ಖರ್ಚಿಲ್ಲ. ‘ಇಂಥ ಆಪ್ ಬೇಕಾ?’ ಎಂದು ಅವಳು ಕೇಳಲೇ ಇಲ್ಲ. ‘ಹೋದ ಸಲ ಮಗನ ಜೊತೆ ಏನೋ ನೋಡಿದಿರಲ್ಲ, ಆವತ್ತು ಏನೇನಾಯ್ತು ಹೇಳಿ’ ಎಂದು ಸುಮ್ಮನೆ ಕೂತಳು.

ಆಗ ಹೊರಬಂತು ನೋಡಿ! ಒಬ್ಬಾಕೆಗೆ ಕುಕ್ಕರ್ ಕೂಗಿದಾಗ ಸಿನಿಮಾ ನಿಲ್ಲಿಸಲು ಸಂಕೋಚ. ನಿಲ್ಲಿಸಿದರೆ ಮಗನಿಗೂ ನಿಲ್ಲುತ್ತದಲ್ಲ! ‘ನೀನು ನೋಡ್ತಾ ಇರು’ ಎಂದು ಎದ್ದು ಹೋಗಿ ಬರುವ ಹೊತ್ತಿಗೆ ಕಥೆ ಕೈತಪ್ಪಿರುತ್ತದೆ. ಇನ್ನೊಬ್ಬರಿಗೆ ಅಕ್ಷರ ಒತ್ತಿ ಹರಟಲು ಆಗದು. ಕನ್ನಡಕ ಬೇಕು, ಕೈಯಲ್ಲಿ ಸೊಪ್ಪು ಬಿಡಿಸುವ ಕೆಲಸ ಬೇರೆ. ಮೂರನೆಯವರ ಮನೆಯಲ್ಲಿ ಓಟಿಪಿ ಬರುವುದು ಯಜಮಾನರ ಫೋನಿಗೆ, ಅವರೋ ಅಂಗಡಿಯಲ್ಲಿ!

ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ ‘ಎಲ್ಲಾ ಚೆನ್ನಾಗಿದೆ ಪುಟ್ಟೀ’ ಎನ್ನುತ್ತಲೇ ಇದ್ದರು. ಆದರೆ ಅವರ ಬೆರಳು ಹಾಳೆಯ ಮೂಲೆಯ ಪುಟ್ಟ ಚೌಕದ ಮೇಲೆಯೇ ಮತ್ತೆ ಮತ್ತೆ ಹೋಗುತ್ತಿತ್ತು. ಅದು ಮೊಮ್ಮಗನ ಮುಖ ಬರುವ ಜಾಗ. ‘ಇದು ದೊಡ್ಡದಾಗೋಲ್ವೇನೇ?’ ಎಂದರು ಕೊನೆಗೆ. ‘ಸಿನಿಮಾ ಆಮೇಲೂ ನೋಡಬಹುದು. ಅವನು ನಗೋದು ಕಾಣಬೇಕು ನನಗೆ.’

ಹುಡುಗಿ ಆ ಹಾಳೆ ಮಡಿಚಿಟ್ಟು, ಮುಖಕ್ಕೆ ಅರ್ಧ ಪರದೆ ಬಿಟ್ಟು ಹೊಸ ಹಾಳೆ ಬರೆದಳು. ಅಲ್ಲಿಯವರೆಗೆ ಅವರ ಆಫೀಸಿನಲ್ಲಿ ಸಿನಿಮಾ ಎಷ್ಟು ದೊಡ್ಡದಾಗಿ ಕಂಡರೆ ಅಷ್ಟು ಒಳ್ಳೆಯದು ಎಂದೇ ಎಲ್ಲರ ಲೆಕ್ಕವಂತೆ!

ನಿಮ್ಮ ಮನೆಗೂ ಬಂದರೆ

ಇಂಥವರು ಬಂದರೆ, ಅಥವಾ ನಿಮ್ಮ ಮಕ್ಕಳೇ ‘ಅಮ್ಮಾ, ಇದು ಹೇಗಿದೆ ನೋಡು’ ಎಂದರೆ, ಇಷ್ಟು ನೆನಪಿಡಿ:

೧. ದಾಕ್ಷಿಣ್ಯಕ್ಕೆ ‘ಚೆನ್ನಾಗಿದೆ’ ಎನ್ನಬೇಡಿ. ಎಲ್ಲಿ ತಡವರಿಸಿದಿರೋ ಅದನ್ನೇ ಹೇಳಿ. ಬಟನ್ ಸಿಗದಿದ್ದರೆ ನಾಚಿಕೆ ಯಾಕೆ? ಅದನ್ನು ಸಿಗುವ ಕಡೆ ಇಡುವುದು ಮಾಡಿದವರ ಕೆಲಸ.

೨. ಬಂದವರು ಯಾರು, ಏನು ಬರೆದುಕೊಳ್ಳುತ್ತಾರೆ, ಅದನ್ನು ಯಾರಿಗೆ ತೋರಿಸುತ್ತಾರೆ ಎಂದು ಮೊದಲೇ ಕೇಳಿ. ಓಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಬೇಡವೆನಿಸಿದರೆ ನಡುವೆಯೇ ‘ಸಾಕು’ ಎನ್ನಬಹುದು.

೩. ನಮ್ಮ ರಾತ್ರಿ ೮ ಗಂಟೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ೧೦-೩೦, ಚಳಿಗಾಲವಾದರೆ ೯-೩೦. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಿಸುತ್ತಾರೆ. ಆ ತಿಂಗಳುಗಳಲ್ಲಿ ಹೊತ್ತು ವಿಚಾರಿಸಿಕೊಳ್ಳಿ.

೪. ಸಿನಿಮಾ ಟಿ.ವಿ.ಯಲ್ಲಿ, ಮಾತು ಫೋನಿನಲ್ಲಿ ಇದ್ದರೆ ಟಿ.ವಿ. ಸದ್ದು ಫೋನಿಗೆ ಹೊಕ್ಕು ಅತ್ತ ಎರಡೆರಡು ಸಲ ಕೇಳಿಸುತ್ತದೆ. ಸದ್ದು ತಗ್ಗಿಸಿ, ಇಲ್ಲವೇ ಇಯರ್‌ಫೋನ್ ಹಾಕಿಕೊಳ್ಳಿ.

೫. ಮೊದಲ ಸಲಕ್ಕೆ ಎರಡೂವರೆ ಗಂಟೆಯ ಸಿನಿಮಾ ಬೇಡ. ಅರ್ಧ ಗಂಟೆಯ ಧಾರಾವಾಹಿ ಸಾಕು.

ಯಾರೋ ಮಾಡಿಕೊಟ್ಟದ್ದಕ್ಕೆ ಹೊಂದಿಕೊಂಡು ಹೋಗುವುದು ನಮಗೆ ರೂಢಿಯಾಗಿಬಿಟ್ಟಿದೆ. ನಮ್ಮ ಮನೆಯ ಸಂಜೆ ಹೇಗಿರುತ್ತದೆ ಎಂಬುದು ನಮಗಲ್ಲದೆ ಇನ್ನಾರಿಗೆ ಗೊತ್ತು? ಕೇಳಿಕೊಂಡು ಬಂದವರಿಗೆ ಒಂದು ಲೋಟ ಕಾಫಿ ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಳಿಸಿ.