ಲಿಚಿ ತಿಂದ ಮಕ್ಕಳಿಗೆ ಫಿಟ್ಸ್ ಬಂದದ್ದೇಕೆ?

ಪ್ರಶ್ನೆ: ಬಿಹಾರದಲ್ಲಿ ಲಿಚಿ ತಿಂದು ಮಕ್ಕಳು ಸತ್ತರಂತೆ, ನಿಜವೇ?

ಉತ್ತರ: ಅರ್ಧ ನಿಜ. ಮುಜಫ್ಫರ್‌ಪುರದಲ್ಲಿ ಮೇ–ಜೂನ್ ಬಂತೆಂದರೆ, ರಾತ್ರಿ ಚೆನ್ನಾಗಿಯೇ ಮಲಗಿದ್ದ ಮಗು ಬೆಳಗಿನ ಜಾವ ಚೀರಿಕೊಂಡು ಏಳುತ್ತಿತ್ತು. ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತಿತ್ತು. ಬಹಳ ಕಾಲ ಇದನ್ನು ಮಿದುಳು ಜ್ವರವೆಂದೇ ಕರೆದರು. ಆದರೆ ಎಷ್ಟೋ ಮಕ್ಕಳಿಗೆ ಜ್ವರವೇ ಇರಲಿಲ್ಲ, ರಕ್ತದ ಸಕ್ಕರೆ ಮಾತ್ರ ಪಾತಾಳಕ್ಕಿಳಿದಿತ್ತು. 2014ರಲ್ಲಿ ಆಸ್ಪತ್ರೆ ಸೇರಿದ 390 ಮಕ್ಕಳಲ್ಲಿ 122 ಮಕ್ಕಳು ಉಳಿಯಲಿಲ್ಲ.

ಲಿಚಿಯಲ್ಲಿ, ಅದರಲ್ಲೂ ಮಾಗದ ಕಾಯಿಯಲ್ಲಿ, ಹೈಪೊಗ್ಲೈಸಿನ್ ಎಂಬ ವಿಷಾಂಶವಿದೆ. ಉಂಡು ಮಲಗಿದ ಮಗುವಿಗೆ ಯಕೃತ್ತಿನಲ್ಲಿರುವ ಸಕ್ಕರೆಯ ದಾಸ್ತಾನು ರಾತ್ರಿ ಕಳೆಯಲು ಸಾಕು. ತೋಟದಲ್ಲಿ ಬಿದ್ದ ಹಣ್ಣನ್ನೇ ತಿಂದು ಊಟವಿಲ್ಲದೆ ಮಲಗಿದ, ಮೊದಲೇ ಸೊರಗಿದ ಮಗುವಿನಲ್ಲಿ ಅದು ಬೇಗ ಬರಿದಾಗುತ್ತದೆ. ಆಗ ದೇಹ ಕೊಬ್ಬಿನ ಬಲದಿಂದ ಹೊಸ ಸಕ್ಕರೆ ತಯಾರಿಸಬೇಕು. ಆ ದಾರಿಯನ್ನೇ ಈ ವಿಷ ಮುಚ್ಚುತ್ತದೆ. ಹಾಗಾಗಿ ಹಣ್ಣಿಗಿಂತ ಹಸಿವನ್ನೇ ನಾನು ದೂರುತ್ತೇನೆ. ಹೊತ್ತಿಗೆ ಉಣ್ಣುವ ಮಗುವಿಗೆ ನಾಲ್ಕಾರು ಮಾಗಿದ ಹಣ್ಣು ಕೊಡಲು ಹೆದರಬೇಡಿ. ಬರಿಹೊಟ್ಟೆಗೆ ಮಾತ್ರ ಬೇಡ.

ಯಾವ ಮಗುವಿಗೇ ಫಿಟ್ಸ್ ಬರಲಿ, ಕೈಗೆ ಬೀಗದ ಕೈ ಕೊಡುತ್ತ ಹೊತ್ತು ಕಳೆಯಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಸಕ್ಕರೆ ನೋಡಿದಿರಾ ಎಂದು ಕೇಳಿ. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಕಡಿಮೆಯಿದ್ದರೆ ಆ ಕ್ಷಣವೇ ರಕ್ತನಾಳಕ್ಕೆ ಗ್ಲೂಕೋಸ್ ಹೋಗಬೇಕು.